‘ಟೆಂಪ್ಲೇಟ್’ಗೆ ಬರೀ ‘ಅಚ್ಚು’ ಸಾಲುತ್ತದೆಯೇ?

‘ಮಾರ್ಜಕದ ಮಾದರಿಯನ್ನು ಬಳಸಿ ನ್ಯಾನೊರಂಧ್ರಯುಕ್ತ ಪಿಂಗಾಣಿಯನ್ನು ತಯಾರಿಸಿದ್ದಾರೆ.’ ಇಂಗ್ಲಿಷಿನ ಸರ್ಫ್ಯಾಕ್ಟಂಟ್, ಟೆಂಪ್ಲೇಟ್, ಸೆರಾಮಿಕ್‌ಗಳಿಗೆ ಮಾರ್ಜಕ, ಮಾದರಿ, ಪಿಂಗಾಣಿ ಎಂದು ಹಾಕಿ ಇಷ್ಟು ಬರೆದು ತಂಗಿಗೆ ಓದಿ ಹೇಳಿದೆ. ಅಡಿಕೆ ಸುಲಿಯುತ್ತ ಕೂತಿದ್ದವಳು ಮೆಟ್ಟುಗತ್ತಿಯಿಂದ ಕಣ್ಣೆತ್ತದೆ, “ಸೋಪು ಹಾಕಿ ಉಜ್ಜಿ ಉಜ್ಜಿ ಕಪ್ಪು-ಬಸಿ ತೂತಾಯ್ತು ಅಂತಲಾ?” ಎಂದಳು. ನಾನು ಬರೆದದ್ದರಲ್ಲಿ ಅವಳಿಗೆ ಕಂಡದ್ದು ಅಷ್ಟೇ. ತಪ್ಪು ಅವಳದಲ್ಲ.

ಬರೆಯಬೇಕಾಗಿ ಬಂದದ್ದು ಅವಳ ಮಗಳಿಗಾಗಿಯೇ. ರಸಾಯನ ವಿಜ್ಞಾನದಲ್ಲಿ ಸಂಶೋಧನೆ ಮಾಡುತ್ತಿದ್ದಾಳೆ; ತನ್ನ ಕೆಲಸ ಏನೆಂದು ಊರಿನ ಹೈಸ್ಕೂಲು ಮಕ್ಕಳಿಗೆ ತಿಳಿಯುವ ಹಾಗೆ ನಾಲ್ಕು ಪುಟ ಕನ್ನಡದಲ್ಲಿ ಬೇಕು ಎಂದಳು. ಹೊಸನಗರದ ಮಳೆಗಾಲದಲ್ಲಿ ಕರೆಂಟು ಇಲ್ಲದ ಸಂಜೆಗಳಿಗೇನು ಬರವೇ, ಒಪ್ಪಿಕೊಂಡೆ. ಮೂರು ವಾರ ಆಯಿತು. ಪುಟ ಮೂರಾಗಿದೆ, ಪದ ಒಂದೂ ಕೂತಿಲ್ಲ.

ವಿಷಯ ಹೀಗಿದೆ. 1992ರಲ್ಲಿ ಮೊಬಿಲ್ ಕಂಪನಿಯ ಸಂಶೋಧಕರು ಎಂಸಿಎಂ-41 ಎಂಬ, ಮೈಯೆಲ್ಲ ಸೂಕ್ಷ್ಮ ರಂಧ್ರಗಳಿರುವ ಸಿಲಿಕಾವನ್ನು (ಮರಳಿನಲ್ಲಿರುವ ಪದಾರ್ಥವೇ) ಪ್ರಕಟಿಸಿದರು. 1998ರಲ್ಲಿ ಸಾಂತಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡ ಎಸ್‌ಬಿಎ-15 ಎಂಬ ಇನ್ನೊಂದನ್ನು ಮಾಡಿತು. ಅದರ ರಂಧ್ರ 5ರಿಂದ 30 ನ್ಯಾನೊಮೀಟರ್ (ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲು ಒಂದು ನ್ಯಾನೊಮೀಟರ್), ರಂಧ್ರಗಳ ನಡುವಿನ ಗೋಡೆ 3ರಿಂದ 6 ನ್ಯಾನೊಮೀಟರ್. ಎರಡರ ಹಿಂದಿನ ಉಪಾಯ ಒಂದೇ. ಸರ್ಫ್ಯಾಕ್ಟಂಟ್ ಎಂದರೆ ಸೋಪಿನಂಥ ಪದಾರ್ಥ; ಅದರ ಅಣುವಿನ ತಲೆಗೆ ನೀರು ಬೇಕು, ಬಾಲಕ್ಕೆ ಬೇಡ. ನೀರಿನಲ್ಲಿ ಅದರ ಪ್ರಮಾಣ ಒಂದು ಮಿತಿ ದಾಟುತ್ತಲೇ ಬಾಲಗಳೆಲ್ಲ ಒಳಸೇರಿ, ತಲೆಗಳು ಹೊರಗೆ ನಿಂತು ಗುಂಪು ಕಟ್ಟುತ್ತವೆ. ಇದೇ ಮೈಸೆಲ್. ಅನುಕೂಲ ಒದಗಿದರೆ ಈ ಗುಂಪುಗಳು ಸರಳಿನಂತೆ ಉದ್ದವಾಗಿ, ಒಂದರ ಮಗ್ಗುಲಿಗೊಂದು ಆರುಮೂಲೆಯ ಲೆಕ್ಕದಲ್ಲಿ ಜೋಡಿಸಿಕೊಳ್ಳುತ್ತವೆ. ಸುತ್ತ ಸಿಲಿಕಾ ಕಟ್ಟಿಕೊಂಡು ಗಟ್ಟಿಯಾಗುತ್ತದೆ. ಆಮೇಲೆ 550 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿದರೆ ಸರ್ಫ್ಯಾಕ್ಟಂಟ್ ಉರಿದುಹೋಗಿ, ಅದು ಇದ್ದ ಜಾಗವೆಲ್ಲ ಟೊಳ್ಳಾಗಿ ಉಳಿಯುತ್ತದೆ. ಹೀಗೆ ಮಾಡಿದ ಪುಡಿಯ ಒಂದು ಗ್ರಾಮಿನಲ್ಲಿ ಒಳಮೈ 1000 ಚದರ ಮೀಟರಿನಷ್ಟು ಸಿಗುತ್ತದೆ. ನಮ್ಮ ಲೆಕ್ಕದಲ್ಲಿ 10 ಗುಂಟೆ. ಒಂದು ಚಿಟಿಕೆಯೊಳಗೆ ಹತ್ತು ಗುಂಟೆ ಅಡಿಕೆ ತೋಟ ಎಂದು ಬರೆದೆ. ಲೇಖನದಲ್ಲಿ ತಂಗಿಗೆ ಹಿಡಿಸಿದ್ದು ಇದೊಂದೇ ಸಾಲು.

‘ಪಿಂಗಾಣಿ’ಯನ್ನು ಮೊದಲೇ ಕೈಬಿಟ್ಟೆ. ಅದು ಬಟ್ಟಲಾಗಿಯೇ ಕಣ್ಣಿಗೆ ಕಟ್ಟುತ್ತದೆ. ಸೆರಾಮಿಕ್ ಎಂದೇ ಇರಲಿ.

‘ಮಾರ್ಜಕ’ವೂ ಹೋಗಲಿ. ಮಾರ್ಜಕಗಳೆಲ್ಲ ಸರ್ಫ್ಯಾಕ್ಟಂಟ್‌ನಿಂದಲೇ ಕೆಲಸ ಮಾಡುತ್ತವೆ ನಿಜ, ಆದರೆ ಸರ್ಫ್ಯಾಕ್ಟಂಟ್‌ಗಳೆಲ್ಲ ಬಟ್ಟೆ ಒಗೆಯುವುದಿಲ್ಲ. ಕೆಲವರು ‘ಮೇಲ್ಮೈ ಸಕ್ರಿಯಕ’ ಎಂದು ಬರೆಯುತ್ತಾರೆ. ಅರ್ಥ ಸರಿ, ಬಾಯಲ್ಲಿ ನಿಲ್ಲುವುದಿಲ್ಲ. ಸರ್ಫ್ಯಾಕ್ಟಂಟ್ ಎಂದೇ ಇಟ್ಟರೆ ಮಕ್ಕಳಿಗೆ ಸರ್ಫ್ ಪುಡಿ ನೆನಪಾಗುತ್ತದೆ, ಆಗಲಿ ಬಿಡಿ, ದಾರಿ ತೀರ ತಪ್ಪೇನಲ್ಲ. ಅಂಟುವಾಳದ ಕಾಯಿ ನೀರಿಗೆ ಹಾಕಿ ಕಿವುಚಿದರೆ ನೊರೆ ಬರುವುದೂ ಅದರೊಳಗಿನ ಸಪೋನಿನ್ ಇಂಥದೇ ತಲೆ-ಬಾಲದ ಅಣುವಾದ್ದರಿಂದ. ‘ನೊರೆಗ’ ಎಂದು ಹೊಸದಾಗಿ ಕಟ್ಟೋಣವೇ ಎಂದುಕೊಂಡೆ. ಆದರೆ ನೊರೆಯೇ ಬಾರದ ಸರ್ಫ್ಯಾಕ್ಟಂಟ್‌ಗಳೂ ಇವೆಯಂತಲ್ಲ!

ರಂಧ್ರದ ವಿಷಯಕ್ಕೆ ಬಂದರೆ ಕನ್ನಡ ಬಡವಲ್ಲ, ಅದೇ ತೊಂದರೆ. ತೂತು ಎಂದರೆ ಈಚೆಯಿಂದ ಆಚೆಗೆ ದಾಟಿರಬೇಕು. ಕುಳಿ ದಾಟಬೇಕಿಲ್ಲ. ಟೊಳ್ಳಿಗೆ ಬಾಯಿಯೇ ಬೇಕಿಲ್ಲ. ಎರಡು ವಸ್ತುಗಳ ನಡುವೆ ಬಿಟ್ಟದ್ದು ಸಂದು. ನಮ್ಮ ಕಡೆ ಕೊಡದಲ್ಲಿ ಒಟ್ಟೆ ಬೀಳುತ್ತದೆ, ಅದು ಆಗಬಾರದ ಜಾಗದಲ್ಲಿ ಆದದ್ದು. ಬೇಕೆಂದೇ ಬಿಟ್ಟ, ಒಂದೇ ಅಳತೆಯ ಸಾಲು ತೂತಿಗೆ ನಾವು ಹೇಳುವುದು ಕಣ್ಣು: ಜರಡಿಯ ಕಣ್ಣು, ಬಲೆಯ ಕಣ್ಣು. ಈ ಸಿಲಿಕಾಗಳನ್ನು ಇಂಗ್ಲಿಷಿನವರೂ ಅಣುಗಳ ಜರಡಿ ಎಂದೇ ಕರೆಯುವುದರಿಂದ ‘ಅಣುಜರಡಿ’ ಮತ್ತು ಅದರ ‘ಕಣ್ಣು’ ಎರಡೂ ಸಲೀಸಾಗಿ ಕೂತವು. ಆದರೂ ಪೂರ್ತಿ ಒಪ್ಪಲಾರೆ. ಜರಡಿಯ ಕಣ್ಣಿಗೆ ಆಳವಿಲ್ಲ. ಇವು ಉದ್ದುದ್ದ ಕೊಳವೆಗಳು. ಸೋದರ ಸೊಸೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರವೊಂದನ್ನು ಫೋನಿನಲ್ಲಿ ತೋರಿಸಿದಳು. ಕಾಡಿನಿಂದ ತಂದ ಓಟೆಬಿದಿರಿನ ಹೊರೆಯನ್ನು ಕಡಿದ ತುದಿಯ ಕಡೆಯಿಂದ ನೋಡಿದರೆ ಹೇಗೋ ಥೇಟ್ ಹಾಗೇ. ಹಾಗಾಗಿ ಒಂದು ಕಡೆ ‘ಓಟೆ’ ಎಂದು ಬರೆದಿದ್ದೇನೆ. ಬಯಲುಸೀಮೆಯ ಮಕ್ಕಳಿಗೆ ಇದು ಮಾವಿನ ಓಟೆಯಾಗಿ ಕಂಡೀತೋ ಏನೋ, ಆ ಕಡೆಯವರು ಹೇಳಬೇಕು.

ಈಗ ಮುಖ್ಯ ಪ್ರಶ್ನೆ, ಟೆಂಪ್ಲೇಟ್, ಅಂದರೆ ಸಿಲಿಕಾಕ್ಕೆ ಆಕಾರ ಕೊಟ್ಟು ಉರಿದುಹೋಗುವ ಆ ಸರ್ಫ್ಯಾಕ್ಟಂಟ್ ಗುಂಪುಗಳು. ‘ಮಾದರಿ’ ಎಂದರೆ ನೋಡಿ ಹಾಗೇ ಮಾಡುವಂಥದ್ದು, ಇಲ್ಲಿ ಹೊಂದದು. ‘ಪಡಿಯಚ್ಚು’ ಅಚ್ಚಿನಿಂದ ಬಂದದ್ದೇ ಹೊರತು ಅಚ್ಚಲ್ಲ; ‘ಅಪ್ಪನ ಪಡಿಯಚ್ಚು’ ಎಂದು ಮಗನಿಗೆ ಹೇಳುತ್ತೇವೆ. ಉಳಿದದ್ದು ‘ಅಚ್ಚು’. ಆದರೆ ಕನ್ನಡದ ಅಚ್ಚು ಹೊರಗಿನಿಂದ ಹಿಡಿಯುವಂಥದ್ದು. ಬೆಲ್ಲದ ಪಾಕ ಅಚ್ಚಿನೊಳಗೆ ಹೋಗುತ್ತದೆ, ಇಟ್ಟಿಗೆಯ ಮಣ್ಣು ಅಚ್ಚಿನೊಳಗೆ ಹೋಗುತ್ತದೆ, ಕೊಟ್ಟೆ ಕಡುಬಿನ ಹಿಟ್ಟು ಹಲಸಿನೆಲೆಯ ಕೊಟ್ಟೆಯೊಳಗೆ ಹೋಗುತ್ತದೆ. ಆದ ಮೇಲೆ ಅಚ್ಚು ಬೇರೆ, ವಸ್ತು ಬೇರೆ. ಅಚ್ಚು ನಾಳೆಗೂ ಬರುತ್ತದೆ. ಇಲ್ಲಿ ಎಲ್ಲ ತಿರುಗುಮುರುಗು. ಅಚ್ಚು ಒಳಗೆ, ವಸ್ತು ಸುತ್ತ. ಅಚ್ಚು ಇಲ್ಲವಾದ ಮೇಲೆಯೇ ವಸ್ತು ಕೆಲಸಕ್ಕೆ ಬರುವುದು, ಮತ್ತು ಅಚ್ಚಿನ ಆಕಾರ ಉಳಿಯುವುದು ವಸ್ತುವಿನಲ್ಲಲ್ಲ, ಅದರ ಟೊಳ್ಳಿನಲ್ಲಿ.

ಇದಕ್ಕೆ ಹೋಲುವುದು ನಮ್ಮಲ್ಲಿ ಏನಿದೆ ಎಂದು ತಲೆ ಕೆಡಿಸಿಕೊಂಡಿದ್ದಾಗ ಸಿಕ್ಕಿದ್ದು ಹಿತ್ತಲಿನಲ್ಲೇ. ಹಳೆಯ ಬಚ್ಚಲುಮನೆ ಕೆಡವಿದಾಗ ಉಳಿದ ಇಟ್ಟಿಗೆಗಳು ಅಲ್ಲಿ ರಾಶಿ ಬಿದ್ದಿವೆ. ಒಂದು ಒಡೆದಿತ್ತು. ಒಡೆದ ಮೈ ತುಂಬ ಸಣ್ಣ ದೋಣಿಯಾಕಾರದ ಗುಳಿಗಳು. ಭೂತಗನ್ನಡಿ ಹಿಡಿದೆ. ಗುಳಿಯ ಒಳಗೋಡೆಯಲ್ಲಿ ಉದ್ದಕ್ಕೆ ನವಿರಾದ ಗೀರುಗಳು, ಭತ್ತದ ಸಿಪ್ಪೆಯ ಮೇಲಿರುವ ಅವೇ ಗೀರುಗಳು, ಒಂದೂ ತಪ್ಪದೆ. ಮಣ್ಣು ಕಲಸುವಾಗ ಉಮಿ ಬೆರೆಸಿದ್ದಾರೆ, ಗೂಡಿನಲ್ಲಿ ಉಮಿ ಉರಿದುಹೋಗಿದೆ, ಅದರ ಆಕಾರವನ್ನು ಮಣ್ಣು ಹಿಡಿದಿಟ್ಟುಕೊಂಡಿದೆ. ಕೆಲವು ಗುಳಿಗಳಲ್ಲಿ ಬಿಳಿ ಬೂದಿಯ ಎಳೆ ಇನ್ನೂ ಇತ್ತು. ಆ ಬೂದಿಯೂ ಬಹುಪಾಲು ಸಿಲಿಕಾನೇ. ಉಮಿಕರಿಯಲ್ಲಿ ಹಲ್ಲುಜ್ಜಿದವರಿಗೆ ಅದರ ಒರಟು ಗೊತ್ತಿರುತ್ತದೆ. ಗುಳಿಯ ಅಗಲ 2 ಮಿಲಿಮೀಟರ್, ಎಂಸಿಎಂ-41ರ ರಂಧ್ರದ ಅಗಲ 4 ನ್ಯಾನೊಮೀಟರ್ ಎಂದಿಟ್ಟುಕೊಂಡರೆ ನಡುವೆ 5 ಲಕ್ಷ ಪಟ್ಟಿನ ಅಂತರ. ಉಮಿ ತಾನಾಗಿ ಸಾಲುಗಟ್ಟಿ ನಿಲ್ಲುವುದಿಲ್ಲ ಎಂಬುದೊಂದು ದೊಡ್ಡ ವ್ಯತ್ಯಾಸ. ಉಳಿದಂತೆ ಕತೆ ಅದೇ.

ಇದನ್ನು ಕಂಡಮೇಲೆ ‘ಸುಡುಅಚ್ಚು’ ಎಂದು ಬರೆದೆ. ಸೋದರ ಸೊಸೆ ಒಪ್ಪಲಿಲ್ಲ. ಕೆಲವೊಮ್ಮೆ ಸುಡದೆ ಮದ್ಯಸಾರದಲ್ಲಿ ಕುದಿಸಿ ತೊಳೆದೂ ಸರ್ಫ್ಯಾಕ್ಟಂಟ್ ತೆಗೆಯುತ್ತಾರಂತೆ. ಸರಿ, ಸುಟ್ಟರೂ ತೊಳೆದರೂ ಅಳಿಯುವುದಂತೂ ಖಂಡಿತವಲ್ಲ ಎಂದು ‘ಅಳಿ’ಗೆ ‘ಅಚ್ಚು’ ಸೇರಿಸಿ ‘ಅಳಿಯಚ್ಚು’ ಮಾಡಿದೆ. ಯಕಾರಾಗಮ, ವ್ಯಾಕರಣಕ್ಕೆ ಕುಂದಿಲ್ಲ. ನನಗೆ ಬಹಳ ಹಿಡಿಸಿತು. ರಾತ್ರಿ ಊಟಕ್ಕೆ ಕೂತಾಗ ಹೇಳಿದೆ. ತಂಗಿ, “ಅಳಿಯನ ಅಚ್ಚಾ? ಮೊದಲು ಅಳಿಯನನ್ನು ಹುಡುಕು, ಅಚ್ಚು ಆಮೇಲೆ” ಎಂದಳು. ಮಗಳು ಅನ್ನದ ತಟ್ಟೆ ಹಿಡಿದು ಒಳಗೆ ಎದ್ದುಹೋದಳು. ಲೋಪಸಂಧಿಯಲ್ಲಿ ‘ಅಳಿಯ’ಕ್ಕೆ ‘ಅಚ್ಚು’ ಸೇರಿದರೂ ಇದೇ ರೂಪ ಬರುತ್ತದೆ ಎಂಬುದು ನನಗೆ ಹೊಳೆದಿರಲಿಲ್ಲ.

ಹಾಗಾಗಿ ಕೇಳುತ್ತಿದ್ದೇನೆ. ತೀರ್ಥಹಳ್ಳಿ, ಸಾಗರ, ಭದ್ರಾವತಿ ಕಡೆ ಇಟ್ಟಿಗೆ ಗೂಡು ನಡೆಸಿದವರು, ಕುಂಬಾರಿಕೆಯ ಮನೆಯವರು ಯಾರಾದರೂ ಇದ್ದರೆ, ಸುಡುವಾಗ ಉರಿದುಹೋಗಲಿ ಎಂದೇ ಮಣ್ಣಿಗೆ ಬೆರೆಸುವ ಉಮಿಗೆ, ಹೊಟ್ಟಿಗೆ, ಬೇರೆ ಹೆಸರೇನಾದರೂ ಇದೆಯೇ? ಅದು ಬಿಟ್ಟ ಗುಳಿಗೆ? ಮೇಣದ ಮೂರ್ತಿಯ ಸುತ್ತ ಮಣ್ಣು ಮೆತ್ತಿ, ಮೇಣ ಕರಗಿಸಿ ಹರಿಸಿ, ಲೋಹ ಎರೆಯುವವರು ಆ ಮೇಣಕ್ಕೆ ಏನೆನ್ನುತ್ತಾರೆ? ನಿಘಂಟಿನ ಪದ ಬೇಡ, ಕೆಲಸ ಮಾಡುವಾಗ ಬಾಯಿಗೆ ಬರುವ ಪದ ಬೇಕು.

ಸದ್ಯಕ್ಕೆ ಕರಡಿನಲ್ಲಿ ‘ಒಳ ಅಚ್ಚು’ ಎಂದು, ಸಂಧಿ ಮಾಡದೆ, ಪೆನ್ಸಿಲಿನಲ್ಲಿ ಬರೆದಿಟ್ಟಿದ್ದೇನೆ.