ಹಿಂದಿನವರ ಸುಖದ ಬಗ್ಗೆ ಚಿಕ್ಕಪ್ಪನಿಗೆ

ಚಿಕ್ಕಪ್ಪ, ಬೆಳಿಗ್ಗೆ ನಮ್ಮ ಮನೆಯವರ ಗುಂಪಿನಲ್ಲಿ ನೀವು ಹಾಕಿದ ಧ್ವನಿ ಸಂದೇಶವನ್ನು ಈಗ ಪೂರ್ತಿ ಕೇಳಿದೆ. ಗಿರಣಿ, ರೈಲು, ಕರೆಂಟು ಯಾವುದೂ ಇಲ್ಲದ ಕಾಲದಲ್ಲಿ ನಮ್ಮ ಹಿರಿಯರು ಮುದ್ದೆ ಉಂಡು, ಜಗಲಿಯ ಮೇಲೆ ನಾಲ್ಕು ಮಾತಾಡಿಕೊಂಡು, ಬಿಪಿ ಶುಗರ್ ಇಲ್ಲದೆ ನಮಗಿಂತ ಸುಖವಾಗಿದ್ದರು ಎಂದಿರಿ. ಎಲ್ಲರೂ ಹೌದು ಹೌದು ಎಂದಿದ್ದಾರೆ. ನನಗೆ ಒಪ್ಪಲು ಆಗುತ್ತಿಲ್ಲ, ಬೇಸರ ಮಾಡಿಕೊಳ್ಳಬೇಡಿ.

ಜಗಲಿಯ ಮೇಲೆ ಕುಳಿತವರು ಸುಖವಾಗಿದ್ದಿರಬಹುದು. ಒಳಗೆ ಇದ್ದವಳ ಗತಿ? ಕೋಳಿ ಕೂಗುವ ಮೊದಲೇ ಎದ್ದು ರಾಗಿಕಲ್ಲಿನ ಮುಂದೆ ಕಾಲು ಚಾಚಿ ಕೂರಬೇಕು. ಒಂದು ಕೈಯಲ್ಲಿ ಗೂಟ ತಿರುಗಿಸುತ್ತಾ, ಇನ್ನೊಂದು ಕೈಯಿಂದ ಹಿಡಿಹಿಡಿಯಾಗಿ ಕಾಳು ಹಾಕುತ್ತಾ, ಇಡೀ ಮನೆಗೆ ಸಾಲುವಷ್ಟು ಹಿಟ್ಟು ಬೀಳುವವರೆಗೆ ಏಳುವಂತಿಲ್ಲ. ಬಸುರಿಯಾದರೂ ಅಷ್ಟೇ, ಜ್ವರ ಬಂದರೂ ಅಷ್ಟೇ. ಬೀಸುವ ಪದಗಳು ಎಷ್ಟು ಚೆಂದ ಎಂದಿರಲ್ಲ, ಚೆಂದವೇ. ಆದರೆ ಅವುಗಳಲ್ಲಿ ತವರಿನ ಹಂಬಲ ಎಷ್ಟಿದೆ, ಕಣ್ಣೀರು ಎಷ್ಟಿದೆ ಎಂದು ಇನ್ನೊಮ್ಮೆ ಕಿವಿಗೊಟ್ಟು ಕೇಳಿ.

ಇನ್ನು ಮಕ್ಕಳು. ಹೆತ್ತವು ಸಾಲಾಗಿ ಸತ್ತ ಮನೆಯಲ್ಲಿ ಮತ್ತೊಂದು ಹುಟ್ಟಿದರೆ ಅದನ್ನು ತಿಪ್ಪೆಯ ಮೇಲೆ ಉರುಳಿಸಿ, ತಿಪ್ಪ ಎಂದೇ ಹೆಸರಿಡುತ್ತಿದ್ದರು, ಸಾವಿಗೂ ಇದು ಬೇಡವಾಗಲಿ ಎಂದು. ಹಾಗೆ ಮಾಡಿದ ತಾಯಿಯ ಎದೆಯಲ್ಲಿ ಎಷ್ಟು ಭಯವಿತ್ತೋ! ಸಿಡುಬು ಬಂದರೆ ಬೇವಿನ ಸೊಪ್ಪು, ಮಾರಮ್ಮನಿಗೆ ಹರಕೆ, ಅಷ್ಟೇ ಅವರ ಕೈಲಿದ್ದದ್ದು. ನಮ್ಮ ದೇಶದಲ್ಲಿ ಸಿಡುಬು ಕೊನೆಯ ಸಲ ಕಂಡದ್ದು 1975ರಲ್ಲಿ. ಸ್ವಾತಂತ್ರ್ಯ ಬಂದಾಗ ಭಾರತೀಯರ ಸರಾಸರಿ ಆಯಸ್ಸು 32ರ ಆಸುಪಾಸಿನಲ್ಲಿತ್ತು, ಈಗ 70 ಮುಟ್ಟಿದೆ. ಎಲ್ಲರೂ 32ಕ್ಕೇ ಸಾಯುತ್ತಿದ್ದರು ಎಂದಲ್ಲ. ಲೆಕ್ಕ ಅಷ್ಟು ಕೆಳಗಿಳಿದದ್ದು ಮುಖ್ಯವಾಗಿ ಎಳೆಯ ಮಕ್ಕಳ ಸಾವಿನಿಂದ. ಬಿಪಿ ಶುಗರ್ ಇರಲಿಲ್ಲ ಎನ್ನುತ್ತೀರಿ. ಅಳೆದು ನೋಡಿದವರು ಯಾರು? ಅವು ಬರುವ ವಯಸ್ಸಿನವರೆಗೆ ಉಳಿದವರಾದರೂ ಎಷ್ಟು ಮಂದಿ?

ಮಳೆ ಕೈಕೊಟ್ಟರೆ ಏನಾಗುತ್ತಿತ್ತು ಎನ್ನುವುದಕ್ಕೆ ಧಾತು ಈಶ್ವರ ಸಂವತ್ಸರಗಳ ಬರ, ಅಂದರೆ 1876-78ರ ಬರ, ಸಾಕು. 1871ರಲ್ಲಿ ಮೈಸೂರು ಸಂಸ್ಥಾನದಲ್ಲಿ ಸುಮಾರು 50 ಲಕ್ಷ ಜನರಿದ್ದರು, 1881ರ ಗಣತಿಯಲ್ಲಿ 42 ಲಕ್ಷಕ್ಕೆ ಇಳಿದಿದ್ದರು. ಕೋಲಾರ, ತುಮಕೂರಿನ ಕಡೆ ಹೊಡೆತ ಇನ್ನೂ ಜೋರು. ಬ್ರಿಟಿಷರ ಆಡಳಿತದ ತಪ್ಪು ಅದರಲ್ಲಿ ದೊಡ್ಡದೇ, ಒಪ್ಪುತ್ತೇನೆ. ಆದರೆ ಅವರು ಕಾಲಿಡುವುದಕ್ಕೆ ಎಷ್ಟೋ ಮೊದಲು, 14ನೆಯ ಶತಮಾನದ ಕೊನೆಯಲ್ಲಿ, ದುರ್ಗಾದೇವಿ ಬರ ದಖ್ಖನ್ನಿನ ಊರೂರನ್ನೇ ಬರಿದು ಮಾಡಿತ್ತು.

ನೀವು ಕೊನೆಗೆ ಹೇಳಿದ ಮಾತು ಮಾತ್ರ ನನ್ನನ್ನು ತಟ್ಟಿತು. ಆಗ ಯಾರೂ ಒಂಟಿಯಾಗಿ ಉಣ್ಣುತ್ತಿರಲಿಲ್ಲ ಎಂದಿರಿ. ಅದು ನಿಜವಾದ ನಷ್ಟ, ಯಾವ ಆಸ್ಪತ್ರೆಯೂ ಅದನ್ನು ತುಂಬಿಕೊಡುವುದಿಲ್ಲ. ಆದರೆ ಮಕ್ಕಳಿಗೆ ಲಸಿಕೆ ಹಾಕಿಸಿದ್ದಕ್ಕೆ, ನಲ್ಲಿಯಲ್ಲಿ ನೀರು ಬಂದದ್ದಕ್ಕೆ ನೆಂಟರು ದೂರವಾದರೇ? ಇಲ್ಲವಲ್ಲ. ಹೋಗಿಬರುವುದನ್ನು ಬಿಟ್ಟವರು ನಾವು. ದೊಡ್ಡಮ್ಮ ಮೂರು ಕೋಣೆಯ ಮನೆಯಲ್ಲಿ ಒಬ್ಬರೇ ಇದ್ದಾರೆ, ಈ ಗುಂಪಿನ ಅರ್ಧಕ್ಕರ್ಧ ಜನ ಅದೇ ಊರಿನಲ್ಲಿದ್ದೇವೆ. ಈ ಭಾನುವಾರ ಮಧ್ಯಾಹ್ನದ ಊಟಕ್ಕೆ ನಾನು ಅವರಲ್ಲಿಗೆ ಹೋಗುತ್ತೇನೆ, ಸಾರು ನಾನೇ ಮಾಡಿಕೊಂಡು ಹೋಗುತ್ತೇನೆ. ಅದರ ಮುಂದಿನ ಭಾನುವಾರ ಯಾರು ಹೋಗುತ್ತೀರಿ, ಇಲ್ಲೇ ತಿಳಿಸಿ. ಚಿಕ್ಕಪ್ಪ, ಮೊದಲು ನೀವೇ ಹೇಳಿ.