ಪದಚರ್ಚೆ (ತುರ್ತು): ಇಳಿಜಾರಿನ ಸ್ಕೀ, ಅದರ ಭಾಗಗಳು, ಹಿಮದ ಬಗೆಗಳು

ಬಳ್ಳಾರಿಯಿಂದ:

ಎಲ್ಲರಿಗೂ ನಮಸ್ಕಾರ. ಸಂಡೂರು, ತೋರಣಗಲ್ಲು ಕಡೆಯ ಒಂದು ತಂಡ ಫೆಬ್ರವರಿಯಲ್ಲಿ ಗುಲ್ಮಾರ್ಗ್‌ಗೆ ಸ್ಕೀಯಿಂಗ್ ಕಲಿಯಲು ಹೊರಟಿದೆ. ಯಾರಿಗೆ ಎಂಥ ಸ್ಕೀ ಹೊಂದುತ್ತದೆ, ಯಾವ ಹಿಮಕ್ಕೆ ಯಾವುದು ಸರಿ ಅನ್ನುವ ಒಂದು ಪುಟದ ಕೋಷ್ಟಕವನ್ನು ನಾನು ಕನ್ನಡಕ್ಕೆ ತರಬೇಕು. ಅದನ್ನು ಫ್ಲೆಕ್ಸ್ ಮಾಡಿಸುತ್ತಾರಂತೆ. ನಾಳೆ ಸಂಜೆ ಪ್ರೆಸ್‌ಗೆ ಹೋಗಬೇಕು.

ಮೊದಲು, ಬೂಟಿಗೆ ಬಿಗಿದುಕೊಂಡು ಹಿಮದ ಮೇಲೆ ಜಾರುವ ಸ್ಕೀ ಅನ್ನುವ ಸಾಮಾನಿಗೇ ಏನನ್ನೋಣ? ಸದ್ಯಕ್ಕೆ 'ಜಾರುಹಲಗೆ' ಅಂತ ಹಾಕಿಕೊಂಡಿದ್ದೇನೆ. ಸ್ಕೀಯ ನಟ್ಟನಡುವಿನ ಅಗಲಕ್ಕೆ ಮೂಲದಲ್ಲಿ ವೇಸ್ಟ್ ಅಂತಿದೆ. ಹಾಗೇ ಬಿಟ್ಟರೆ 'ವೇಸ್ಟ್ 82 ಮಿ.ಮೀ.' ಅಂತಾಗುತ್ತದೆ, ಓದುವವರು ದಂಡವಾದ ಭಾಗ ಅಂದುಕೊಳ್ಳುತ್ತಾರೆ. ಕ್ಯಾಂಬರ್, ರಾಕರ್ ಎರಡಕ್ಕೂ ನನ್ನ ಹತ್ತಿರ ಏನೂ ಇಲ್ಲ. ಹಿಮದಲ್ಲಿ ಪೌಡರ್, ಕ್ರಡ್, ಕಾರ್ನ್, ಸ್ಲಷ್ ಅಂತ ನಾಲ್ಕು ಬಗೆ ಬರುತ್ತವೆ. ಕಾರ್ನ್‌ಗೆ 'ನುಚ್ಚುಹಿಮ' ಅಂದರೆ ಆಗಬಹುದೇ? ಇನ್ನು ಕಲಿತವರ ಮಟ್ಟ. 'ಆರಂಭಿಕ, ಮಧ್ಯಂತರ, ಪರಿಣತ' ಅಂತ ಬರೆದರೆ ಸರ್ಕಾರಿ ಸುತ್ತೋಲೆಯ ಹಾಗೆ ಕಾಣುತ್ತದೆ. ಬೇರೆ ಏನಾದರೂ ಹೇಳಿ.

ಲಿಂಗಸೂಗೂರಿನಿಂದ:

'ಹಿಮ' ಸಂಸ್ಕೃತ. ನಮ್ಮದು 'ಮಂಜು'. ಅಲ್ಲಿಂದ ಶುರು ಮಾಡಿ.

ಸ್ಕೀ ಅನ್ನೋದು ಹಳೆಯ ನಾರ್ವೆ ಕಡೆಯ 'ಸ್ಕೀದ್' ಪದದಿಂದ ಬಂದದ್ದು. ಅರ್ಥ, ಸೀಳಿದ ಮರದ ತುಂಡು. ಸೀಳು! ಸದ್ದು, ಅರ್ಥ ಎರಡೂ ಎಷ್ಟು ಹತ್ತಿರ ಇದೆ ನೋಡಿ. ನಾನು ಬಹಳ ದಿನದಿಂದ ಇದನ್ನು ಹೇಳುತ್ತಾ ಬಂದಿದ್ದೇನೆ. ಆ ಪದವನ್ನು ಎರವಲು ತರುವ ಅಗತ್ಯವೇ ಇಲ್ಲ. 'ಸೀಳ್ಮಣೆ' ಅನ್ನಿ. ಆಟಕ್ಕೆ 'ಮಂಜುಜಾರಾಟ'. ಸ್ಕೀ ಅಂತಲೇ ಬರೆಯೋದಾದರೆ ಕನ್ನಡದ ಕೋಷ್ಟಕ ಯಾಕೆ ಬೇಕು?

ರಾಯಚೂರಿನಿಂದ:

ಸೀಳ್ಮಣೆ ನಡೆಯಲ್ಲ ಮೇಷ್ಟ್ರೇ. ಮಣೆ ಮೇಲೆ ಕೂರ್ತಾರೆ. ಸ್ಕೀ ಮೇಲೆ ಕೂತರೆ ಬೀಳ್ತಾರೆ.

ಸೀಳು ನಮ್ಮದೇ ಪದ, ತೆಲುಗಿನಲ್ಲೂ 'ಚೀಲು' ಇದೆ. ಅದಕ್ಕೂ ನಾರ್ವೆಗೂ ಸಂಬಂಧ ಇಲ್ಲ, ಸದ್ದು ಹೊಂದಿದ್ದು ಆಕಸ್ಮಿಕ. 'ಸ್ಕೀದ್'ನ ನಿಜವಾದ ನೆಂಟ ನಮ್ಮ ದೇಶದಲ್ಲಿ ಇರೋದು ಸಂಸ್ಕೃತದಲ್ಲಿ: 'ಛಿದ್' ಧಾತು, ಅದರಿಂದ ಬಂದ ಛಿದ್ರ, ಛೇದ. ಮೂಲದ ಲೆಕ್ಕದಲ್ಲೇ ಪದ ಕಟ್ಟಬೇಕು ಅಂದರೆ ನೀವು ದೂರ ಇಡುವ ಸಂಸ್ಕೃತಕ್ಕೇ ಹೋಗಬೇಕಾಗುತ್ತದೆ.

'ಮಂಜು' ಬಗ್ಗೆಯೂ ಹೇಳಬೇಕು. ರಾಯಚೂರಲ್ಲಿ ಮಂಜು ಅಂದರೆ ಜನವರಿಯ ಬೆಳಗ್ಗೆ ಹೊಲದ ಮೇಲೆ ಕವಿಯುವುದು, ರೈಲು ತಡವಾಗುವುದು. 'ಮಂಜಿನ ಮೇಲೆ ಜಾರುವ ಆಟ' ಅಂದರೆ ಮೋಡದ ಮೇಲೆ ನಡೆದ ಹಾಗೆ ಕೇಳಿಸುತ್ತದೆ. ಹಿಮ ಅಂದರೆ ಹಿಮಾಲಯ ಕಣ್ಣಿಗೆ ಬರುತ್ತದೆ, ಸ್ಕೂಲಿಗೆ ಹೋಗದವರಿಗೂ ಬರುತ್ತದೆ.

ಬಳ್ಳಾರಿ ಅಕ್ಕಾ, 'ಜಾರುಹಲಗೆ'ಯೂ ಬೇಡ. ನಮ್ಮ ಕಡೆ ಹಲಗಿ ಅಂದರೆ ಮೊದಲು ಕಿವಿಗೆ ಬರೋದು ಹೋಳಿ ಹುಣ್ಣಿಮೆಯ ಹಲಗಿ. ಸುಮ್ನೆ ಸ್ಕೀ ಅಂತ ಬಿಡಿ. ಕೊಡಗಿನ ಸ್ಕೀ ಆಟಗಾರ್ತಿ ಭವಾನಿ ತೆಕ್ಕಡ ನಂಜುಂಡ ಅವರ ಬಗ್ಗೆ ಓದುವಾಗ ನಾವೆಲ್ಲ ಸ್ಕೀಯಿಂಗ್ ಅಂತಲೇ ಓದಿದ್ದೇವಲ್ವಾ?

ಕೊಪ್ಪಳದಿಂದ:

ನುಚ್ಚುಹಿಮ ಅರಿಸಮಾಸ, ಕನ್ನಡಕ್ಕೆ ಸಂಸ್ಕೃತ ಬೆರೆಸಿದ ಸಮಾಸ. ಬರಲಿರುವ ಪುಡಿಹಿಮ, ಗಟ್ಟಿಹಿಮ ಎಲ್ಲವೂ ಅರಿಸಮಾಸ. ಕೇಶಿರಾಜ ಸುಮ್ಮನೆ ಬರೆದಿಟ್ಟು ಹೋಗಿಲ್ಲ. ಹಿಮ ಬೇಕು ಅನ್ನುವವರು 'ಚೂರ್ಣಹಿಮ' ಅನ್ನಲಿ, ಮಂಜು ಬೇಕು ಅನ್ನುವವರು 'ಪುಡಿಮಂಜು' ಅನ್ನಲಿ. ಕಲಬೆರಕೆ ಬೇಡ.

ಗಂಗಾವತಿಯಿಂದ:

ಗುರುಗಳೇ, 'ಮಳೆಗಾಲ'ವೂ ಅರಿಸಮಾಸವೇ. ಅದನ್ನು ಬಿಟ್ಟು ಯಾರೂ ಬಿತ್ತನೆಗೆ ಹೋಗಿಲ್ಲ. ಚೂರ್ಣಹಿಮ ಅಂದರೆ ಆಯುರ್ವೇದದ ಅಂಗಡಿಯಲ್ಲಿ ಸಿಗುವ ಪದಾರ್ಥ ಅಂದುಕೊಳ್ಳುತ್ತಾರೆ.

ನಾನು ಗುಲ್ಮಾರ್ಗ್‌ನಲ್ಲಿ ಕಲಿತವನು. ಪದಕ್ಕಿಂತ ಮುಂಚೆ ಬಳ್ಳಾರಿ ಮೇಡಂ ಅವರಿಗೆ ಒಂದು ಮಾತು ಹೇಳಲೇಬೇಕು, ಯಾಕೆಂದರೆ ನಿಮ್ಮ ಮೂಲದ ಕೋಷ್ಟಕವೇ ಹಾದಿ ತಪ್ಪಿಸುವ ಹಾಗಿರಬಹುದು. ಇಂಥ ಕೋಷ್ಟಕಗಳಲ್ಲಿ ಸಾಮಾನ್ಯವಾಗಿ 'ಹೊಸಬರಿಗೆ ಕಿರಿದು, ನುರಿತವರಿಗೆ ಅಗಲ' ಅಂತ ಒಂದೇ ಏಣಿಯಲ್ಲಿ ಏರಿಸುತ್ತಾ ಹೋಗುತ್ತಾರೆ. ಅದು ತಪ್ಪು. ಉದ್ದ ಮತ್ತು ಬಿಗುವು ಹೋಗೋದು ಆಡುವವರ ಪಳಗಿಕೆ, ತೂಕದ ಜೊತೆ. ಅಗಲ ಮತ್ತು ಬಾಗು ಹೋಗೋದು ಹಿಮದ ಜೊತೆ. ಇವೆರಡನ್ನೂ ಬೇರೆ ಬೇರೆ ಅಂಕಣದಲ್ಲಿ ಇಡಿ. ಇಲ್ಲದಿದ್ದರೆ ಪದ ಎಷ್ಟೇ ಚೆನ್ನಾಗಿದ್ದರೂ ಓದಿದವನು ತಪ್ಪು ಸ್ಕೀ ತಗೊಳ್ತಾನೆ.

ನಡು ಅಗಲದಿಂದಲೇ ಶುರು ಮಾಡ್ತೀನಿ. ಯಂತ್ರ ಓಡಿಸಿ ಸಮ ಮಾಡಿದ ಗಟ್ಟಿ ಹಿಮಕ್ಕೆ ಸುಮಾರು 65ರಿಂದ 85 ಮಿ.ಮೀ. ನಡು ಸಾಕು. ಕಿರಿದಾದ ಸ್ಕೀ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಬೇಗ ಹೊರಳುತ್ತದೆ. ಎಲ್ಲ ಬಗೆಯ ಹಿಮದಲ್ಲೂ ಓಡಾಡುವವರಿಗೆ 85ರಿಂದ 100ರ ಆಸುಪಾಸು. ಮೊಣಕಾಲಿನವರೆಗೆ ಹೂತುಹೋಗುವ ಹೊಸ ಪುಡಿ ಹಿಮಕ್ಕೆ 100ಕ್ಕಿಂತ ಜಾಸ್ತಿ, ಆಗ ಸ್ಕೀ ಮುಳುಗದೆ ತೇಲುತ್ತದೆ. ಅದೇ ಅಗಲದ ಸ್ಕೀಯನ್ನು ಗಟ್ಟಿ ಹಿಮಕ್ಕೆ ತಂದರೆ ಅಂಚು ಕಚ್ಚಿಸೋಕೆ ಮಂಡಿಯ ಮೇಲೆ ಭಾರ ಬೀಳುತ್ತದೆ. ಎಷ್ಟೇ ನುರಿತವನಿಗೂ ಅಷ್ಟೇ. ಸ್ಲಾಲಂ ಅಂದರೆ ಕಂಬಗಳ ನಡುವೆ ತಿರುಗುತ್ತಾ ಇಳಿಯುವ ಸ್ಪರ್ಧೆ, ಅದರಲ್ಲಿ ಇಳಿಯುವವರ ಸ್ಕೀ 70ಕ್ಕೂ ಒಳಗೇ ಇರುತ್ತದೆ. ಅವರಿಗಿಂತ ನುರಿತವರು ಯಾರಿದ್ದಾರೆ?

ಪದ ಕೇಳಿದ್ದೀರಿ: 'ನಡು'. ಸೊಂಟಕ್ಕೂ ನಡು, ಮಧ್ಯಕ್ಕೂ ನಡು. ಮೂಲದ ಪದಕ್ಕೆ ಇರುವ ಎರಡೂ ಅರ್ಥ ನಮ್ಮ ಪದಕ್ಕೆ ಮೊದಲಿನಿಂದಲೇ ಇವೆ. 'ನಡು 82 ಮಿ.ಮೀ.' ಅಂತ ಬರೆಯಿರಿ. ತುದಿಗಳಿಗೆ ಮುಂತುದಿ, ಹಿಂತುದಿ. ಎರಡೂ ತುದಿ ಅಗಲವಾಗಿ ನಡು ಸಣ್ಣ ಆಗಿರೋದಕ್ಕೆ 'ಪಕ್ಕದ ಒಳಬಾಗು' ಅನ್ನಬಹುದು. ಸ್ಕೀಯನ್ನು ಅಂಚಿನ ಮೇಲೆ ವಾಲಿಸಿದರೆ ತಾನಾಗಿ ತಿರುಗೋದು ಈ ಒಳಬಾಗಿನಿಂದಲೇ. 1990ರ ದಶಕದವರೆಗೆ ಸ್ಕೀಗಳು ಹೆಚ್ಚುಕಮ್ಮಿ ನೇರ ಇದ್ದವು. ಸ್ಲೊವೇನಿಯಾದ ಏಲಾನ್ ಕಂಪನಿ 1993ರಲ್ಲಿ ಒಳಬಾಗು ಜಾಸ್ತಿ ಇರುವ ಸ್ಕೀ ತಂದ ಮೇಲೆ ಕಲಿಯೋದೇ ಸುಲಭ ಆಯಿತು. ತಿರುವಿನ ತ್ರಿಜ್ಯ 12–14 ಮೀಟರ್ ಇದ್ದರೆ ಚಿಕ್ಕ ಚಿಕ್ಕ ತಿರುವು, 18 ದಾಟಿದರೆ ಉದ್ದನೆಯ ತಿರುವು. 'ತ್ರಿಜ್ಯ' ಹಾಗೇ ಇರಲಿ, ಹೈಸ್ಕೂಲಲ್ಲಿ ಎಲ್ಲರೂ ಓದಿದ್ದಾರೆ.

ಕ್ಯಾಂಬರ್‌ಗೆ 'ಕಮಾನು'. ಸ್ಕೀಯನ್ನು ನೆಲದ ಮೇಲಿಟ್ಟರೆ ನಡು ಎದ್ದಿರುತ್ತದೆ, ಎರಡು ತುದಿ ಮಾತ್ರ ತಾಗುತ್ತವೆ. ಮೇಲೆ ನಿಂತರೆ ಚಪ್ಪಟೆಯಾಗಿ ಭಾರ ಉದ್ದಕ್ಕೂ ಹರಡುತ್ತದೆ. ಅದಿರು ಲಾರಿಯ ಗ್ಯಾರೇಜಿನಲ್ಲಿ ಕಮಾನು ಅಂತ ಕರೆಯುವ ಪಟ್ಟಿ ಮಾಡುವ ಕೆಲಸವೂ ಇದೇ, ಲೋಡ್ ಬಿದ್ದಾಗ ಚಪ್ಪಟೆಯಾಗಿ ಇಳಿಸಿದಾಗ ಏಳೋದು. ನಿಮ್ಮ ಸಂಡೂರಿನ ತಂಡಕ್ಕೆ ವಿವರಿಸೋ ಅಗತ್ಯವೇ ಇಲ್ಲ. ಗಟ್ಟಿ ಹಿಮದಲ್ಲಿ ಅಂಚು ಕಚ್ಚಿಕೊಳ್ಳೋದು ಕಮಾನಿನ ಬಲದಿಂದ. ರಾಕರ್ ಅಂದರೆ ಇದರ ಉಲ್ಟಾ, ಮುಂತುದಿ ಬೇಗನೇ ಮೇಲಕ್ಕೆ ಏಳುತ್ತದೆ. ಪುಡಿಹಿಮದಲ್ಲಿ ಸ್ಕೀಯ ಮೂಗು ಹೂತುಹೋಗಲ್ಲ, ತಿರುಗಿಸೋಕೂ ಹಗುರ. ಅದಕ್ಕೆ 'ಎತ್ತಿದ ಮುಂತುದಿ' ಅಂದರೆ ಸಾಕು. ಹೊಸಬರ ಸ್ಕೀಯಲ್ಲೂ ಇದನ್ನು ಸ್ವಲ್ಪ ಕೊಟ್ಟಿರುತ್ತಾರೆ, ಅಂಚು ಎಡವದೇ ಇರಲಿ ಅಂತ.

ಹಿಮದ ಬಗೆಗೆ ಬರೋಣ. ಪೌಡರ್‌ಗೆ ಪುಡಿಹಿಮ. ಸ್ಲಷ್‌ಗೆ ರಾಡಿಹಿಮ, ಕರಗಿ ನೀರು ಕೂಡಿಕೊಂಡು ಕಾಲೆಳೆಯುವ ಹಿಮಕ್ಕೆ ಅದಕ್ಕಿಂತ ಸರಿಯಾದ ಪದ ಇಲ್ಲ. ಕ್ರಡ್ ಅಂದರೆ ಹತ್ತಾರು ಜನ ಓಡಾಡಿ ಕಡಿದುಹಾಕಿದ ಹಿಮ, ಒಂದು ಕಡೆ ಮೆತ್ತಗೆ, ಒಂದು ಕಡೆ ಗಡ್ಡೆ. ನೇಗಿಲು ಹೊಡೆದ ಎರೆಹೊಲದಲ್ಲಿ ಏಳುತ್ತವಲ್ಲ, ಹೆಂಟೆ. 'ಹೆಂಟೆಹಿಮ'.

ಕಾರ್ನ್‌ಗೆ ನುಚ್ಚು ಬೇಡ. ನಮ್ಮೂರು ಅಕ್ಕಿ ಗಿರಣಿಯ ಊರು, ನುಚ್ಚು ಅಂದರೆ ಮುರಿದ ಅಕ್ಕಿ, ಮೂಲೆ ಮೂಲೆ ಇರುತ್ತದೆ. ಈ ಹಿಮ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ, ಮತ್ತೆ ಕರಗಿ ಮತ್ತೆ ಹೆಪ್ಪುಗಟ್ಟಿ ದುಂಡಗಾಗಿರುತ್ತದೆ. 'ಕಾಳುಹಿಮ' ಅನ್ನಿ. ಆದರೆ ಇದು ಬಿಸಿಲು ಬಲಿತ ಮೇಲೆ ಬರುವ ಹಿಮ. ಫೆಬ್ರವರಿಯ ತಂಡಕ್ಕೆ ಆ ಸಾಲು ಬಿಟ್ಟರೂ ನಡೆಯುತ್ತದೆ.

ರಾಯಚೂರಿನವರು ಭವಾನಿ ಅವರ ಹೆಸರು ಹೇಳಿದ್ದು ಸಂತೋಷ. ಆದರೆ ಅವರದ್ದು ನಾರ್ಡಿಕ್, ಹಿಮದ ಬಯಲಿನಲ್ಲಿ ದೂರ ಸಾಗುವ ಬಗೆ. ಅದರಲ್ಲಿ ಹಿಮ್ಮಡಿ ಬಿಡುವಾಗಿರುತ್ತದೆ, ಸ್ಕೀ ತೆಳ್ಳಗೆ, ಹಗುರ. ಇಳಿಜಾರಿನದರಲ್ಲಿ ಹಿಮ್ಮಡಿ ಬಿಗಿದಿರುತ್ತದೆ. 2022ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಾಶ್ಮೀರದ ಆರಿಫ್ ಖಾನ್ ಸ್ಲಾಲಂ, ಜೈಂಟ್ ಸ್ಲಾಲಂ ಇಳಿದರಲ್ಲ, ಅದು ಇದು. ಹಾಗಾಗಿ ತಲೆಬರಹದಲ್ಲಿ 'ಇಳಿಜಾರಿನ ಸ್ಕೀ' ಅಂತಲೇ ಇರಲಿ.

ಲಿಂಗಸೂಗೂರಿನಿಂದ:

ಕಮಾನು ಪಾರ್ಸಿ. ಒಪ್ಪಲ್ಲ. 'ಬಾಗು' ಇದೆ, 'ಬಿಲ್ಲು' ಇದೆ. ಮಂಜು ಬೇಡ ಅಂದವರು 'ಮಂಜುಗಡ್ಡೆ'ಯನ್ನು ದಿನಾ ಹೇಳುತ್ತಾರೆ, ಅದು ಹೇಗೆ? ಎಲ್ಲದಕ್ಕೂ 'ಜನ ಹೇಳ್ತಾರೆ' ಅಂತ ಬಿಟ್ಟುಕೊಡುತ್ತಾ ಹೋದರೆ ಕೊನೆಗೆ ನಮ್ಮ ಹತ್ತಿರ ವಿಭಕ್ತಿ ಪ್ರತ್ಯಯ ಮಾತ್ರ ಉಳಿಯುತ್ತವೆ. ನನಗೆ ಇದು ಹಟ ಅಲ್ಲ. ಹೊಸ ಸಾಮಾನು ಬಂದಾಗಲೇ ಹೊಸ ಪದ ಕಟ್ಟೋ ಅವಕಾಶ. ಅದನ್ನೂ ಬಿಟ್ಟರೆ ಪದ ಕಟ್ಟೋ ಅಭ್ಯಾಸವೇ ಹೋಗುತ್ತದೆ.

ರಾಯಚೂರಿನಿಂದ:

ಮಂಜುಗಡ್ಡೆ ಗಟ್ಟಿಯಾದ ಪದ, ಬಿಡಿಸಿ ನೋಡುವವರಿಲ್ಲ. ಬಿಡಿಯಾಗಿ ಮಂಜು ಬೇರೆಯೇ.

ಪಾರ್ಸಿ ಅಂತ ಕಮಾನನ್ನು ತೆಗೆದರೆ ಜಿಲ್ಲೆ, ತಾಲೂಕು, ಕಾಗದ, ಕುರ್ಚಿ, ದವಾಖಾನೆ ಎಲ್ಲವನ್ನೂ ತೆಗೀರಿ. ರಾಯಚೂರು, ಕೊಪ್ಪಳ 1948ರವರೆಗೆ ನಿಜಾಮರ ಕೈಯಲ್ಲಿದ್ದವು, 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿ. ಬಳ್ಳಾರಿ 1953ರವರೆಗೆ ಮದ್ರಾಸಿನಲ್ಲಿತ್ತು. ನಮ್ಮ ಅಜ್ಜಂದಿರು ಕಚೇರಿ, ಶಾಲೆಗಳಲ್ಲಿ ಕನ್ನಡಕ್ಕೆ ಜಾಗವೇ ಕಡಿಮೆ ಇದ್ದ ಕಾಲದಲ್ಲಿ ಮನೆಯಲ್ಲಿ ಕನ್ನಡ ಉಳಿಸಿಕೊಂಡವರು. ಅವರ ಬಾಯಲ್ಲಿದ್ದ ಪದವನ್ನು ಹೊರಗಿನದು ಅನ್ನೋದು ನನಗೆ ನೋವು ಕೊಡುತ್ತದೆ. ಲಾರಿಯ ಪಟ್ಟಿಗಿಂತ ಹಳೆಯದು ಆ ಪದ.

ಕೊಪ್ಪಳದಿಂದ:

ಮಳೆಗಾಲ ರೂಢಿಯಿಂದ ಬಂದದ್ದು. ಹೊಸದಾಗಿ ಕಟ್ಟುವಾಗ ದೋಷ ದೋಷವೇ.

ಇನ್ನೊಂದು. ಗಂಗಾವತಿಯವರು 'ಪಳಗಿಕೆ' ಅಂದಿದ್ದಾರೆ. ಪಳಗೋದು ಆನೆ, ಹೋರಿ. ಮನುಷ್ಯರಿಗೆ ಹಾಕಬೇಡಿ.

ಗಂಗಾವತಿಯಿಂದ:

'ಕೈ ಪಳಗಿದ ಬಡಗಿ' ಅನ್ನಲ್ವಾ ಗುರುಗಳೇ? ಅಲ್ಲಿ ಬೈಗುಳ ಏನೂ ಇಲ್ಲ. ಹೊಸಬರು, ಪಳಗಿದವರು, ನುರಿತವರು. ಈ ಮೂರೇ ಇರಲಿ.

ಆದರೆ ಮೇಡಂ, ಈ ಮೂರು ಪದಗಳ ಕೆಳಗೆ ಒಂದೊಂದು ಸಾಲು ವಿವರಣೆ ಹಾಕಲೇಬೇಕು. ಇದು ಪದದ ಚಂದಕ್ಕಲ್ಲ. ಬೂಟನ್ನು ಸ್ಕೀಗೆ ಬಿಗಿಯುವ ಬೈಂಡಿಂಗ್‌ಗೆ ಒಂದು ಸಂಖ್ಯೆ ಇಡುತ್ತಾರೆ. ತೂಕ, ಎತ್ತರ, ವಯಸ್ಸು, ಬೂಟಿನ ಅಟ್ಟೆಯ ಉದ್ದ, ಜೊತೆಗೆ ನೀವು ಹೇಳುವ ಮಟ್ಟ, ಇಷ್ಟನ್ನೂ ನೋಡಿ ಅಂಗಡಿಯವರು ಅದನ್ನು ತಿರುಗಿಸುತ್ತಾರೆ. ಹೊಸಬನೊಬ್ಬ ನಾಚಿಕೆಗೆ 'ಪಳಗಿದವನು' ಅಂತ ಹೇಳಿದರೆ ಸಂಖ್ಯೆ ಏರುತ್ತದೆ, ಬಿದ್ದಾಗ ಬೂಟು ಬಿಟ್ಟುಕೊಳ್ಳಲ್ಲ, ಮಂಡಿ ತಿರುಚುತ್ತದೆ. ಬೈಂಡಿಂಗ್ ಪದವನ್ನು ಮಾತ್ರ ಯಾರೂ ಮುಟ್ಟಬೇಡಿ. ಬಾಡಿಗೆ ಅಂಗಡಿಯಲ್ಲಿ ಅದನ್ನೇ ಹೇಳೋದು, ಅಲ್ಲಿ ಗೊಂದಲ ಆಗಬಾರದು.

ಬಳ್ಳಾರಿಯಿಂದ:

ಎಲ್ಲರಿಗೂ ಧನ್ಯವಾದ. ಸ್ಕೀ, ಬೈಂಡಿಂಗ್ ಹಾಗೇ ಇಟ್ಟೆ. ನಡು, ಕಮಾನು, ಎತ್ತಿದ ಮುಂತುದಿ, ಪುಡಿಹಿಮ, ಹೆಂಟೆಹಿಮ, ರಾಡಿಹಿಮ ತೆಗೆದುಕೊಂಡೆ. ಕಾಳುಹಿಮದ ಸಾಲು ಬಿಟ್ಟೆ. ಉದ್ದ–ಬಿಗುವು ಒಂದು ಅಂಕಣ, ನಡು–ಬಾಗು ಇನ್ನೊಂದು. ಮಟ್ಟಗಳ ವಿವರಣೆ ಹೀಗೆ ಬರೆದಿದ್ದೇನೆ:

ಹೊಸಬರು: ಸಣ್ಣ ಇಳಿಜಾರಿನಲ್ಲಿ ನಿಧಾನವಾಗಿ ಇಳಿದು ಬೇಕಾದಾಗ ನಿಲ್ಲಲು ಕಲಿಯುತ್ತಿರುವವರು. ಬಳುಕುವ ಸ್ಕೀ, ಗಲ್ಲದಿಂದ ಮೂಗಿನ ಎತ್ತರ. ಸಂಶಯ ಇದ್ದರೆ ನೀವು ಈ ಸಾಲಿನವರೇ.

ಪಳಗಿದವರು: ಎರಡೂ ಸ್ಕೀ ಜೋಡಿಸಿಕೊಂಡು ಎರಡೂ ಕಡೆಗೆ ತಿರುಗಬಲ್ಲವರು. ಮೂಗಿನಿಂದ ಹಣೆಯ ಎತ್ತರ.

ನುರಿತವರು: ಕಡಿದಾದ ಇಳಿಜಾರಿನಲ್ಲಿ, ಯಾವ ಹಿಮದಲ್ಲೂ ವೇಗ ಹತೋಟಿಯಲ್ಲಿಟ್ಟು ಇಳಿಯುವವರು. ಬಿಗಿಯಾದ ಸ್ಕೀ, ತಲೆಯ ಎತ್ತರ ಅಥವಾ ಅದಕ್ಕಿಂತ ಉದ್ದ.

ಲಿಂಗಸೂಗೂರಿನ ಮೇಷ್ಟ್ರೇ, 'ಬಾಗು' ಅಂಕಣದ ತಲೆಬರಹಕ್ಕೆ ಬಂದಿದೆ, ಕಮಾನು ಅದರ ಒಳಗಿನ ಒಂದು ಬಗೆ ಮಾತ್ರ. ಎರವಲಿನ ಮಾತು ಮುಂದುವರಿಸುವುದಾದರೆ ಬೇರೆ ತಲೆಬರಹದಲ್ಲಿ ಮುಂದುವರಿಸೋಣ, ನಾನೂ ಬರೆಯುತ್ತೇನೆ.