ಮೇಸೀಸ್ ಮಾಲೀಕನಿಗೂ ಹಾಲಿಗೂ ಏನು ಸಂಬಂಧ?

ಪದ್ಮನಾಭನಗರದ ಅಪ್ಪ: ಮಗಳ ಶಾಲೆ ಪ್ರಾಜೆಕ್ಟಿಗೆ ನಾಥನ್ ಸ್ಟ್ರಾಸ್ ಬಗ್ಗೆ ಬೇಕು. ನ್ಯೂಯಾರ್ಕಿನ ಮೇಸೀಸ್ ಅನ್ನೋ ದೊಡ್ಡ ಅಂಗಡಿಯ ಸಾಹುಕಾರ ಹಾಲಿನ ಕೆಲಸಕ್ಕೆ ಯಾಕೆ ಇಳಿದ? ಯಾರಿಗಾದ್ರೂ ಗೊತ್ತಾ?

ಹನುಮಂತನಗರದ ಅಜ್ಜಿ: ಮಕ್ಕಳ ವಾರ್ಡಿನಲ್ಲಿ ನರ್ಸ್ ಆಗಿದ್ದವಳು ನಾನು. ಈ ಮನುಷ್ಯ ಅಂದ್ರೆ ಅಭಿಮಾನ ಜಾಸ್ತಿ. 1848ರಲ್ಲಿ ಜರ್ಮನಿಯಲ್ಲಿ ಹುಟ್ಟಿ, ಚಿಕ್ಕಂದಿನಲ್ಲೇ ಅಮೆರಿಕಕ್ಕೆ ಹೋದ. ಮನೆಯವರದು ಪಿಂಗಾಣಿ, ಗಾಜಿನ ವ್ಯಾಪಾರ. 1896ಕ್ಕೆ ಅಣ್ಣ ಇಸಿಡೋರ್ ಜತೆ ಮೇಸೀಸ್ ಪೂರ್ತಿ ಕೊಂಡ. ಅದಿರಲಿ. ಆಗ ಅಲ್ಲಿ ಕೊಳಕು ಹಸಿ ಹಾಲು ಕುಡಿದೇ ಎಷ್ಟೋ ಕೂಸುಗಳು ಸಾಯುತ್ತಿದ್ದವು. ಭೇದಿ, ಕ್ಷಯ. 1893ರಲ್ಲಿ ಈತ ಬಡವರಿಗಾಗಿ ಹಾಲಿನ ಡಿಪೋ ತೆರೆದ. ಹಾಲನ್ನು ಹದವಾಗಿ ಬಿಸಿ ಮಾಡಿ, ತಣಿಸಿ, ಶುಚಿಯಾದ ಬಾಟಲಿಗೆ ತುಂಬಿ ಅಗ್ಗಕ್ಕೆ ಕೊಟ್ಟ. ಕಾಸಿಲ್ಲದ ತಾಯಂದಿರಿಗೆ ಪುಕ್ಕಟೆ.

ವಿಜಯನಗರದ ಹುಡುಗ: ಮನೇಲೇ ಉಕ್ಕಿಸಿದ್ರೆ ಸಾಕಿತ್ತು, ಅಲ್ವಾ ಅಜ್ಜಿ?

ಹನುಮಂತನಗರದ ಅಜ್ಜಿ: ನಮಗೆ ಸಾಕು ಕಣಪ್ಪ, ಪ್ಯಾಕೆಟ್ ಹಾಲನ್ನೂ ಉಕ್ಕಿಸದೆ ಬಿಡಲ್ಲ. ಅಲ್ಲಿ ಹಸಿ ಹಾಲೇ ರೂಢಿ. ಕಾಯಿಸಿದ್ರೆ ಸತ್ವ ಹೋಗುತ್ತೆ ಅಂತ ಕೆಲವು ಡಾಕ್ಟರುಗಳೇ ತಕರಾರು ತೆಗೆದರು. ಅವರ ಜತೆ ವರ್ಷಗಟ್ಟಲೆ ಗುದ್ದಾಡಿದ, ನೋಡು! ಆಮೇಲೆ ಜೆರುಸಲೇಮಿನಲ್ಲೂ ಆರೋಗ್ಯ ಕೇಂದ್ರಕ್ಕೆ ದುಡ್ಡು ಸುರಿದ. ಅಣ್ಣ, ಅತ್ತಿಗೆ 1912ರಲ್ಲಿ ಟೈಟಾನಿಕ್‌ನಲ್ಲಿ ತೀರಿಕೊಂಡರು. ಅದನ್ನೂ ಬರೆಸಿ, ಟೀಚರ್ ಖಂಡಿತ ಕೇಳ್ತಾರೆ.